ತೊಳೆಯದ ಡಬ್ಬಿ

ಮಾರ್ಚ್ ೩, ಸೋಮವಾರ

ಈ ಡೈರಿಯನ್ನು ಆಸ್ಪತ್ರೆಯವರು ಕೊಟ್ಟದ್ದು. ದಿನಕ್ಕೆ ಎಷ್ಟು ಸಲ ಹೋದೆ, ಹೇಗೆ ಹೋಯಿತು ಎಂದು ಬರೆದಿಡಬೇಕಂತೆ. ಅದೇ ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವಳು ನಾನು. ಅಂಥದ್ದನ್ನೆಲ್ಲ ಚೆಂದದ ಅಕ್ಷರದಲ್ಲಿ ಬರೆದಿಡುವ ಕರ್ಮ ನನಗೆ ಬೇಡ. ಬಾಯಿ ಬಿಟ್ಟು ಬೈಯಲು ಶಕ್ತಿಯಿಲ್ಲ, ಹಾಗಾಗಿ ಇಲ್ಲಿ ಬೈಯುತ್ತೇನೆ.

ವಿಷಯ ಇಷ್ಟು. ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿತು. ಆಂಟಿಬಯೋಟಿಕ್ ಕೊಟ್ಟರು. ಕಫ ಹೋಯಿತು, ಹೊಟ್ಟೆ ಕೆಟ್ಟಿತು. ಕರುಳಿನಲ್ಲಿ ಹಠಮಾರಿ ರೋಗಾಣುವೊಂದು ಬೀಡುಬಿಟ್ಟಿದೆ ಎಂದರು. ಅದಕ್ಕೆ ಬೇರೆ ಮಾತ್ರೆ. ಮಾತ್ರೆ ನುಂಗುವಷ್ಟು ದಿನ ಅದು ಸುಮ್ಮನಿರುತ್ತದೆ, ನಿಲ್ಲಿಸಿದೊಡನೆ ಮತ್ತೆ ಶುರು. ಈಗ ನಡೆಯುತ್ತಿರುವುದು ಮೂರನೆಯ ಸುತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಹ್ಯಾಂಗರಿಗೆ ಬಟ್ಟೆ ನೇತುಹಾಕಿದ ಹಾಗೆ ಕಾಣುತ್ತೇನೆ. ಒಬ್ಬಳೇ ಇರುವುದು ಬೇಡ ಎಂದು ಮಗ ನನ್ನ ಮನೆಗೆ ಬೀಗ ಜಡಿದು ತನ್ನ ಮನೆಗೆ ಎತ್ತಿಕೊಂಡು ಬಂದಿದ್ದಾನೆ.

ನನ್ನ ಮನೆ ಇರುವುದು ಎರಡೇ ಕೋಣೆ. ಆದರೆ ಅದರ ನೆಲದ ಮೇಲೆ ಆಪರೇಷನ್ ಮಾಡಬಹುದು. ಇವರ ಮನೆಯ ಕಥೆಯೇ ಬೇರೆ. ಸೊಸೆಗೆ ಗಿಡಗಳನ್ನು ಬೆಳೆಸಿ ಮಾರುವ ನರ್ಸರಿಯಲ್ಲಿ ಕೆಲಸ. ಬಟ್ಟೆಯಲ್ಲಿ ಮಣ್ಣು, ಉಗುರಿನಲ್ಲಿ ಮಣ್ಣು, ಕಿಟಕಿಯ ಕಟ್ಟೆಯ ಮೇಲೆ ಸಸಿಯ ಟ್ರೇಗಳು, ಸಿಂಕಿನ ಕೆಳಗೆ ಕೊಳೆತು ಗೊಬ್ಬರವಾಗುತ್ತಿರುವ ಸಿಪ್ಪೆಗಳ ಬಕೆಟ್ಟು. ಸಾಲದೆಂಬಂತೆ ಒಂದು ನಾಯಿ. ಮನಸ್ಸಿನಲ್ಲೇ ಮಣ್ಣುರಾಣಿ ಎಂದು ಹೆಸರಿಟ್ಟಿದ್ದೇನೆ, ಸೊಸೆಗೆ. ನಾಯಿಗೆ ಅವರೇ ಗುಂಡ ಎಂದು ಹೆಸರಿಟ್ಟುಕೊಂಡಿದ್ದಾರೆ. ನಾನು ನಾಯಿ ಎಂದೇ ಕರೆಯುತ್ತೇನೆ.

ಇವತ್ತು ಒರೆಸಿದ್ದು: ಬಾಗಿಲ ಹಿಡಿಗಳು, ನಲ್ಲಿಗಳು, ಸ್ವಿಚ್ಚುಗಳು, ಟೀವಿಯ ರಿಮೋಟು, ಮಾತ್ರೆಯ ಪೆಟ್ಟಿಗೆ, ಕುರ್ಚಿಯ ಕೈಗಳು. ಆಮೇಲೆ ಸುಸ್ತಾಗಿ ಮಲಗಿದೆ.

ಮಾರ್ಚ್ ೬, ಗುರುವಾರ

ಹೊಟ್ಟೆ ಡಾಕ್ಟರ ಹತ್ತಿರ ಹೋಗಿ ಬಂದೆವು. ಸಣ್ಣ ವಯಸ್ಸಿನ ಹುಡುಗಿ, ದಪ್ಪ ಕನ್ನಡಕ. ಓದುತ್ತಿದ್ದ ಕಾಲದಲ್ಲಿ ನನ್ನ ಕೋಣೆಗೆ ಹೊರಗಿನ ಚಪ್ಪಲಿ ಹಾಕಿಕೊಂಡು ಬಂದಳೆಂದು ಬಾಗಿಲಿಂದಲೇ ಅಟ್ಟಿದ್ದೆ. ಈಗಲೂ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಾಳೆ, ಸ್ವಲ್ಪ ಹೆದರಿಕೊಂಡೇ.

ನನ್ನ ಕೋಣೆ ಎಂದರೆ ಆಪರೇಷನ್ ಥಿಯೇಟರಿನ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ಆವಿಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಕೋಣೆ. ಅಲ್ಲಿಗೆ ನಾನೇ ಮುಖ್ಯಸ್ಥೆ. ಅಲ್ಲಿಂದ ಹೊರಗೆ ಹೋದ ಒಂದೇ ಒಂದು ಕತ್ತರಿಯಿಂದಲೂ ಯಾರಿಗೂ ಸೋಂಕು ತಗುಲಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಥವಾ ಜಂಬಕ್ಕೇ ಹೇಳುತ್ತಿದ್ದೇನೆ, ಇಲ್ಲಿ ಕೇಳುವವರು ಯಾರು?

ಅಂಥ ನನ್ನ ಮುಂದೆ ಕೂತು ಈ ಹುಡುಗಿ ಹೇಳುತ್ತಾಳೆ: “ಸಿಸ್ಟರ್, ನಿಮ್ಮ ಹೊಟ್ಟೇಲಿ ಕ್ರಿಮಿ ಜಾಸ್ತಿ ಆಗಿರೋದಲ್ಲ ತೊಂದರೆ. ಕಮ್ಮಿ ಆಗಿರೋದು.”

ಆಮೇಲೆ ಪಾಠ ಮಾಡಿದಳು. ಕರುಳಿನಲ್ಲಿ ನೂರಾರು ಜಾತಿಯ ಒಳ್ಳೆಯ ಕ್ರಿಮಿಗಳು ಒಟ್ಟಿಗೆ ಬಾಳುತ್ತವಂತೆ. ತಿಂದದ್ದನ್ನು ಅರಗಿಸಲು ನೆರವಾಗುತ್ತವೆ, ಕೆಟ್ಟವಕ್ಕೆ ಜಾಗ ಕೊಡುವುದಿಲ್ಲ. ಎದೆಯ ಕಫಕ್ಕೆ ಕೊಟ್ಟ ಮಾತ್ರೆ ಆ ಸಂಸಾರವನ್ನೆಲ್ಲ ಗುಡಿಸಿಹಾಕಿತು. ಖಾಲಿ ಬಿದ್ದ ಮನೆಗೆ ಈ ಪುಂಡ ನುಗ್ಗಿ ಕೂತಿದ್ದಾನೆ. ಅವನನ್ನು ಓಡಿಸಬೇಕಾದರೆ ಮನೆ ಮತ್ತೆ ತುಂಬಬೇಕು. ಹೇಗೆ ತುಂಬುವುದು ಎಂದು ಮಗ ಕೇಳಿದ. ಆರೋಗ್ಯವಂತರೊಬ್ಬರ ಮಲವನ್ನು ತಂದು, ಲ್ಯಾಬಿನಲ್ಲಿ ಸೋಸಿ, ನಳಿಗೆಯ ಮೂಲಕ ನನ್ನ ಕರುಳಿಗೆ ಬಿಡುತ್ತಾರಂತೆ.

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಹತ್ತು ಜನರಲ್ಲಿ ಎಂಟೊಂಬತ್ತು ಜನರಿಗೆ ವಾಸಿಯಾಗುತ್ತದೆ ಎಂದಳು. ಬೇಡವೆಂದರೆ ಏನಾಗುತ್ತದೆ ಎಂದೆ. ಇನ್ನೊಮ್ಮೆ ಜೋರಾಗಿ ಕೆರಳಿದರೆ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯಬೇಕಾಗಬಹುದು, ಈ ತೂಕದಲ್ಲಿ ಆ ಆಪರೇಷನ್ ತಡೆದುಕೊಳ್ಳುವುದು ಕಷ್ಟ ಎಂದಳು. ಎಷ್ಟು ಕಷ್ಟ ಎಂದು ಮಗ ಕೇಳಿದಾಗ ಕನ್ನಡಕ ತೆಗೆದು ಒರೆಸತೊಡಗಿದಳು. ಆಸ್ಪತ್ರೆಯಲ್ಲಿ ಬದುಕು ಕಳೆದವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಗೆ ವಾಪಸಾಗುವಾಗ ಮಗ ಕಾರನ್ನು ಬಹಳ ನಿಧಾನವಾಗಿ ಓಡಿಸಿದ. ನನಗೆ ಸಾಯಲು ಭಯವಿಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡು ಬಂದವಳು. ಭಯವಾಯಿತು.

ಮಾರ್ಚ್ ೮, ಶನಿವಾರ

ಊಟದ ಮೇಜಿನ ಸುತ್ತ ಮಹಾಸಭೆ. ವಿಷಯ: ಯಾರ ಮಲ. ಹೀಗೂ ಒಂದು ದಿನ ಬರುತ್ತದೆಂದು ಗೊತ್ತಿದ್ದರೆ ಇನ್ನೆರಡು ಮಕ್ಕಳನ್ನು ಹೆತ್ತಿಡುತ್ತಿದ್ದೆ.

ಮಗ ತಾನೇ ಕೊಡುತ್ತೇನೆ ಎಂದು ಎದೆಯುಬ್ಬಿಸಿದ. ಪಾಪ, ಹೋದ ತಿಂಗಳು ಹಲ್ಲು ನೋವಿಗೆ ಅವನೂ ಆಂಟಿಬಯೋಟಿಕ್ ನುಂಗಿದ್ದಾನೆ, ಆಗುವುದಿಲ್ಲ. ನನ್ನ ಅಕ್ಕನಿಗೆ ಫೋನು ಮಾಡಿದೆವು. ಅವಳು ಮೊದಲು ತನಗೆ ವಯಸ್ಸಾಯಿತು ಎಂದಳು, ಆಮೇಲೆ ತನಗೆ ಮಲಬದ್ಧತೆ ಎಂದಳು, ಕೊನೆಗೆ ಫೋನು ಸರಿಯಾಗಿ ಕೇಳಿಸುತ್ತಿಲ್ಲ ಎಂದಳು.

ಮಣ್ಣುರಾಣಿ ಅಷ್ಟು ಹೊತ್ತೂ ಬೆಂಕಿಕಡ್ಡಿಯಿಂದ ಉಗುರಿನ ಮಣ್ಣು ತೆಗೆಯುತ್ತ ಕೂತಿದ್ದಳು. ತೆಗೆದ ಮಣ್ಣನ್ನು ಎಲ್ಲಿಗೆ ಹಾಕುತ್ತಾಳೆ ಎಂದು ನಾನು ಕಣ್ಣಿಟ್ಟಿದ್ದೆ. ತಲೆಯೆತ್ತದೆ, ಉಪ್ಪಿನ ಡಬ್ಬಿ ಕೊಡುತ್ತೇನೆ ಎನ್ನುವ ಹಾಗೆ, “ನಾನು ಕೊಡ್ತೀನಿ ಬಿಡಿ ಅತ್ತೆ, ನಂದು ದಿನಾ ಸುಮ್ನೆ ಹೋಗ್ತಾನೇ ಇದೆಯಲ್ಲ” ಎಂದಳು.

ಯೋಚಿಸುತ್ತೇನೆ ಎಂದು ಎದ್ದು ಬಂದೆ. ಅವಳು ಸೊಸೆಯಾಗಿ ಬಂದ ಈ ಆರು ವರ್ಷದಲ್ಲಿ ಅವಳು ರುಚಿ ನೋಡಿದ ಚಮಚವನ್ನು ನಾನು ಮುಟ್ಟಿದವಳಲ್ಲ.

ಒರೆಸಿದ್ದು: ಹಿಡಿಗಳು, ನಲ್ಲಿಗಳು, ಸ್ವಿಚ್ಚುಗಳು. ಉಪ್ಪಿನ ಡಬ್ಬಿಯನ್ನು ಎರಡು ಸಲ.

ಮಾರ್ಚ್ ೧೪, ಶುಕ್ರವಾರ

ಒಪ್ಪಿಕೊಂಡೆ. ಮಗ ಅತ್ತ. ಗಂಡಸು ಅಷ್ಟು ದೊಡ್ಡವನಾಗಿ ಅತ್ತರೆ ನೋಡಲಾಗುವುದಿಲ್ಲ, ಅದಕ್ಕೆ ಒಪ್ಪಿಕೊಂಡೆ.

ಮಣ್ಣುರಾಣಿಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷೆ ಮಾಡಿದರು. ರಕ್ತ, ಮಲ, ಮೂತ್ರ, ಪುಟಗಟ್ಟಲೆ ಪ್ರಶ್ನೆಗಳು. ಇವತ್ತು ಫಲಿತಾಂಶ ಬಂತು. ಕುಂದು ಹುಡುಕಿದರೂ ಸಿಗಲಿಲ್ಲವಂತೆ. ಇಷ್ಟು ಬಗೆಬಗೆಯ ಕ್ರಿಮಿಗಳಿರುವ ಹೊಟ್ಟೆಯನ್ನು ತಾನು ಈಚೆಗೆ ನೋಡಿಯೇ ಇಲ್ಲ ಎಂದು ಡಾಕ್ಟರ್ ಹುಡುಗಿ ಬಾಯಿತುಂಬ ಹೊಗಳಿದಳು. ಮಣ್ಣಿನ ಕೆಲಸದಿಂದಲೋ ನಾಯಿ ಸಾಕಿದ್ದರಿಂದಲೋ ಎಂದು ಮಗ ಕೇಳಿದ. ಅಷ್ಟು ಸುಲಭವಾಗಿ ಹೇಳಲಾಗದು, ಇನ್ನೂ ಹುಡುಕುತ್ತಿದ್ದೇವೆ ಎಂದಳು. ಒಂದೇ ಮನೆಯಲ್ಲಿ ಇರುವವರ ಹೊಟ್ಟೆಯ ಕ್ರಿಮಿಗಳು ಒಬ್ಬರಿಂದ ಒಬ್ಬರಿಗೆ ಹರಿದಾಡುತ್ತವೆ ಎನ್ನುವುದಂತೂ ಈಚಿನ ಸಂಶೋಧನೆಗಳಲ್ಲಿ ಕಂಡಿದೆಯಂತೆ. ಹಾಗಾದರೆ ಈ ಮನೆಗೆ ಬಂದಾಗಲೆಲ್ಲ ನಾನು ಆರು ವರ್ಷ ಒರೆಸಿ ತಡೆದದ್ದು ಇದನ್ನೇ.

ಮಣ್ಣುರಾಣಿ ಆ ರಿಪೋರ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. “ಶಾಲೇಲಿ ಒಂದ್ಸಲಾನೂ ಫಸ್ಟ್ ಬಂದಿರ್ಲಿಲ್ಲ ಅತ್ತೆ” ಎಂದಳು. ನಗು ಬಂತು, ತಡೆದುಕೊಂಡೆ.

ಒರೆಸಿದ್ದು: ನಲ್ಲಿ, ಹಿಡಿ. ಸ್ವಿಚ್ಚು ನಾಳೆ.

ಮಾರ್ಚ್ ೧೯, ಬುಧವಾರ

ಕೆಟ್ಟ ದಿನ. ಹಾಸಿಗೆ ಹಾಳಾಯಿತು. ಎದ್ದು ಬದಲಿಸಲು ಆಗಲಿಲ್ಲ. ಮಗ ಕೆಲಸಕ್ಕೆ ಹೋಗಿದ್ದ. ಅವಳು ಬಂದಳು, ಕೈಗವಸು ಹಾಕಿಕೊಂಡಳು, ಎಲ್ಲ ಮಾಡಿದಳು. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಎಂದು ಕೇಳಿದಳು. ಹೇಳಿದೆ. ಸರಿಯಾಗಿ ಅಷ್ಟೇ ಹಾಕಿದಳು. ಕಿಟಕಿಯ ಹತ್ತಿರ ಹಾಸಿಗೆ ಹಾಕಿ ಮಲಗಿಸಿದಳು, ಸಸಿಗಳ ಪಕ್ಕ.

ಮಾರ್ಚ್ ೨೪, ಸೋಮವಾರ

ನಾಳೆ ಆ ದಿನ. ಮಾತ್ರೆ ನಿಲ್ಲಿಸಿದ್ದಾರೆ. ಕರುಳು ತೊಳೆಯುವ ಔಷಧಿ ಕುಡಿದು ಕುಡಿದು ನಾನೇ ಒಂದು ಪೈಪಾಗಿದ್ದೇನೆ. ಬೆಳಿಗ್ಗೆ ಅವಳು ಮನೆಯಲ್ಲೇ ಡಬ್ಬಿಗೆ ಹಿಡಿದು, ಲ್ಯಾಬಿಗೆ ತಲುಪಿಸಬೇಕು.

ಡಬ್ಬಿ ಎಂದಾಗ ನೆನಪಾಯಿತು. ಆಸ್ಪತ್ರೆಯವರು ಸೀಲು ಮಾಡಿ ಕೊಟ್ಟಿದ್ದರು. ಹೇಗೆ ತೆರೆಯುತ್ತದೆ ನೋಡೋಣವೆಂದು ಮಣ್ಣುರಾಣಿ ಆಗಲೇ ಸೀಲು ಒಡೆದು, ಮುಚ್ಚಳ ತೆಗೆದು, ಸಸಿಗಳ ಟ್ರೇಯ ಪಕ್ಕ ಇಟ್ಟಿದ್ದಾಳೆ. ಒಳಗೆ ಒಂದು ಚಿಟಿಕೆ ಮಣ್ಣು. ನನ್ನ ಕರುಳಿಗೆ ಹೋಗುವ ಸಾಮಾನು ಬರುವ ಡಬ್ಬಿ. ನೋಡಿ ಸುಮ್ಮನಿರಲು ನಾನೇನು ಸತ್ತಿದ್ದೇನೆಯೇ? ಮೆಲ್ಲನೆ ಗೋಡೆ ಹಿಡಿದುಕೊಂಡು ಎದ್ದು, ಬ್ಲೀಚಿಂಗ್ ಪೌಡರಿನ ಗಟ್ಟಿ ನೀರಿನಲ್ಲಿ ಡಬ್ಬಿಯನ್ನು ತಿಕ್ಕಿ, ತೊಳೆಯದೆ ಹಾಗೇ ಆರಲು ಬಿಟ್ಟೆ. ನನ್ನ ಕೋಣೆಯಲ್ಲಿ ಕಲಿತವರಿಗೆಲ್ಲ ಇದನ್ನೇ ಹೇಳಿಕೊಟ್ಟಿದ್ದು: ಔಷಧಿಯನ್ನು ತೊಳೆದು ಚೆಲ್ಲಬೇಡಿ, ಅಂಟಿಕೊಂಡಿರಲಿ, ಆಗಲೇ ಅದು ಕೆಲಸ ಮಾಡುವುದು. ಮುಚ್ಚಳದ ಮೇಲೆ ಬಿಳಿ ಟೇಪು ಅಂಟಿಸಿ ತಾರೀಖು ಬರೆದು ರುಜು ಹಾಕಿದೆ, ಹಿಂದಿನ ಹಾಗೆಯೇ.

ಕೈ ಇನ್ನೂ ಮರೆತಿಲ್ಲ. ಬಹಳ ದಿನಗಳ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದ ಹಾಗಾಯಿತು.

ಮಾರ್ಚ್ ೨೫, ಮಂಗಳವಾರ

ಆಗಲಿಲ್ಲ.

ಆಸ್ಪತ್ರೆಯಲ್ಲಿ ಮಂಚದ ಮೇಲೆ ಮಲಗಿ ಕಾಯುತ್ತಿದ್ದೆ. ನಳಿಗೆ ಸಿದ್ಧ, ಡಾಕ್ಟರ್ ಹುಡುಗಿ ಸಿದ್ಧ. ಲ್ಯಾಬಿನ ಮೀಸೆಯವರು ಡಬ್ಬಿ ಹಿಡಿದುಕೊಂಡು ತಾವೇ ಬಂದರು. ನನ್ನ ಕಾಲದ ಮನುಷ್ಯ, ಬೇಕಾದಷ್ಟು ಜಗಳವಾಡಿದ್ದೇವೆ. ಮುಚ್ಚಳದ ಟೇಪನ್ನು ನನ್ನ ಕಣ್ಣ ಮುಂದೆ ಹಿಡಿದು, “ಸಿಸ್ಟರ್, ಈ ರುಜು ನಿಮ್ದೇ ಅಲ್ವಾ?” ಎಂದರು. ಹೌದು ಎಂದೆ. “ಡಬ್ಬಿ ತೆರೆದ್ರೆ ಈಜುಕೊಳದ ವಾಸನೆ ಬರ್ತಿದೆ” ಎಂದರು.

ಯಾವ ಕ್ರಿಮಿಗಳಿಗಾಗಿ ಇಷ್ಟೆಲ್ಲ ಪರೀಕ್ಷೆ, ಇಷ್ಟೆಲ್ಲ ಕಾಯುವಿಕೆ ನಡೆದಿತ್ತೋ ಅವನ್ನು ನಾನೇ ಕೈಯಾರೆ ಕೊಂದಿದ್ದೆ. ನನ್ನ ಕೆಲಸದಲ್ಲಿ ಕೊರತೆಯಂತೂ ಇರಲಿಲ್ಲ. ಒಂದೂ ಉಳಿದಿರಲಿಕ್ಕಿಲ್ಲ.

ಮಗನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಡಾಕ್ಟರ್ ಹುಡುಗಿ ಕನ್ನಡಕ ಒರೆಸಲು ಕೈ ಹಾಕಿದಳು. ಸೊಸೆ ಈಗ ಸಿಡಿಯುತ್ತಾಳೆ ಎಂದುಕೊಂಡೆ. ಅವಳಿಗೆ ಸಿಟ್ಟು ಬರಲು ಹಕ್ಕಿತ್ತು. ನರ್ಸರಿಗೆ ರಜೆ ಹಾಕಿ, ತಿನ್ನುವುದರಲ್ಲಿ ಪಥ್ಯ ಹಿಡಿದು, ಬೆಳಗಾಗುತ್ತಲೇ ಎದ್ದು ಕೊಟ್ಟವಳು. ಅವಳು ನನ್ನನ್ನೇ ನೋಡಿದಳು. ತುಟಿ ಅದುರಿತು. ಆಮೇಲೆ ಗೋಡೆಗೆ ಒರಗಿ, ಅಲ್ಲಿಂದ ಜಾರಿ ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಆ ನೆಲದ ಮೇಲೆ ಕೂರಬೇಡ, ಗಲೀಜು ಎನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು ನಗು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಮೀಸೆಯವರು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರು.

ಮತ್ತೆ ಮಾತ್ರೆ. ಇನ್ನೊಂದು ದಿನ ಗೊತ್ತುಮಾಡುತ್ತಾರೆ. ಈ ಸಲ ಸೊಸೆ ಆಸ್ಪತ್ರೆಗೇ ಬಂದು ಅಲ್ಲಿಯ ಬಚ್ಚಲಿನಲ್ಲೇ ಕೊಡಬೇಕಂತೆ. ಡಬ್ಬಿ ನನ್ನ ಕಣ್ಣಿಗೂ ಬೀಳಬಾರದಂತೆ.

ಮಾರ್ಚ್ ೩೦, ಭಾನುವಾರ

ಜ್ವರ. ಆಸ್ಪತ್ರೆಗೆ ಸೇರಿಸಿದ್ದಾರೆ. ಸರ್ಜನ್ ಬಂದು ಹೊಟ್ಟೆ ಒತ್ತಿ ನೋಡಿ ಹೋದ. ನನ್ನ ಕೋಣೆಯಿಂದ ಹೋದ ಕತ್ತರಿಗಳಿಂದಲೇ ಕೈ ಪಳಗಿಸಿಕೊಂಡವನು. ಈಗ ಅಲ್ಲಿ ಯಾರು ಬೇಯಿಸುತ್ತಾರೋ, ಸರಿಯಾಗಿ ಬೇಯಿಸುತ್ತಾರೋ ಇಲ್ಲವೋ.

ರಾಣಿ ಮಂಚದ ಪಕ್ಕ ಕೂತು ನರ್ಸರಿಯ ಸುದ್ದಿಯೆಲ್ಲ ಹೇಳಿದಳು. ಯಾರೋ ಪ್ಲಾಸ್ಟಿಕ್ ಹೂವಿಗೆ ಗೊಬ್ಬರ ಕೇಳಿಕೊಂಡು ಬಂದಿದ್ದರಂತೆ.

ಏಪ್ರಿಲ್ ೩, ಗುರುವಾರ

ಜ್ವರ ಇಳಿದಿತ್ತು. ಇವತ್ತೇ ಮಾಡಿಬಿಡೋಣ, ಇನ್ನು ತಡ ಮಾಡುವುದು ಬೇಡ ಎಂದು ಡಾಕ್ಟರು ಬೆಳಿಗ್ಗೆ ಹೇಳಿದರು. ಎಲ್ಲ ಸಿದ್ಧವಾಯಿತು. ರಾಣಿ ಬಚ್ಚಲಿಗೆ ಹೋದಳು. ಹೋದವಳು ಬರಲೇ ಇಲ್ಲ.

ಹುಟ್ಟಿದಾಗಿನಿಂದ ಒಂದು ದಿನವೂ ಈ ವಿಷಯದಲ್ಲಿ ತೊಂದರೆ ಕಾಣದ ಹೊಟ್ಟೆ ಇವತ್ತು ಮುಷ್ಕರ ಹೂಡಿತು. ಹೊರಗೆ ಕಾರಿಡಾರಿನಲ್ಲಿ ಮಗ ಶತಪಥ ಹಾಕುತ್ತಿದ್ದ. ಐದು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ, ಆಯಿತಾ, ಏನಾದರೂ ಬೇಕಾ ಎಂದು ಕೇಳುತ್ತಿದ್ದ. ಹಾಗೆ ಕೇಳಿದರೆ ಯಾರಿಗೆ ಬರುತ್ತದೆ? ಡಾಕ್ಟರು ಗಡಿಯಾರ ನೋಡಿದರು. ಸಂಜೆಯೊಳಗೆ ಆಗದಿದ್ದರೆ ಕೋಣೆ ಬೇರೆಯವರಿಗೆ ಬಿಡಬೇಕು, ಮತ್ತೆ ಮಾತ್ರೆ, ಮತ್ತೆ ಕಾಯುವುದು. ಅಷ್ಟು ದಿನ ನಾನು ಇರುತ್ತೇನೆಯೇ ಎನ್ನುವುದು ಯಾರೂ ಕೇಳದ ಪ್ರಶ್ನೆ.

ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಚ್ಚಲಿನ ಬಾಗಿಲ ಹತ್ತಿರ ಬಿಡಿ ಎಂದೆ. ಮಗನನ್ನು ಕಾಫಿ ಕುಡಿದುಕೊಂಡು ಬಾ ಎಂದು ಓಡಿಸಿದೆ. ಡಾಕ್ಟರನ್ನೂ ಓಡಿಸಿದೆ, ಎರಡನೆಯ ಸಲ. ಬಾಗಿಲಿಗೆ ತಲೆ ಆನಿಸಿಕೊಂಡು, ನಾನೇ, ಒಬ್ಬಳೇ ಇದ್ದೇನೆ ಎಂದೆ.

ಒಳಗಿನಿಂದ ಸಣ್ಣ ದನಿ ಬಂತು. “ನನ್ನಿಂದ ಆಗ್ದೆ ನಿಮಗೇನಾದ್ರೂ ಆಗಿಬಿಟ್ರೆ ಅಂತ ಭಯ ಆಗ್ತಿದೆ ಅತ್ತೆ.”

ಅಳುತ್ತಿದ್ದಳು. ಆರು ವರ್ಷದಲ್ಲಿ ನಾನು ಅವಳನ್ನು ಅಷ್ಟೊಂದು ಚುಚ್ಚಿದ್ದರೂ ಒಂದು ಸಲವೂ ನನ್ನ ಮುಂದೆ ಅತ್ತವಳಲ್ಲ.

“ಇವತ್ತು ಆಗ್ಲಿಲ್ಲ ಅಂದ್ರೆ ನಾಳೆ. ನಾನೇನು ಎಲ್ಲೂ ಹೋಗಲ್ಲ” ಎಂದೆ. “ಅದು ಬಿಡು. ಸಿಂಕಿನ ಕೆಳಗೆ ಆ ಬಕೆಟ್ ಇಟ್ಟಿದ್ದೀಯಲ್ಲ, ಅದರೊಳಗೆ ಏನು ನಡೀತದೆ ಹೇಳು. ನಂಗೆ ಅವತ್ತಿಂದ ಕೇಳಬೇಕು ಅಂತ ಇತ್ತು.”

ಕೇಳಬೇಕು ಎಂದೇನೂ ಇರಲಿಲ್ಲ, ಎಸೆಯಬೇಕು ಎಂದಿತ್ತು. ಆದರೆ ಅವಳು ಮೂಗೊರೆಸಿಕೊಂಡು ಹೇಳತೊಡಗಿದಳು. ಸಿಪ್ಪೆಯ ಜೊತೆ ಒಣ ಎಲೆ ಬೆರೆಸಬೇಕು, ಉಸಿರಾಡಲು ಆಗಾಗ ತಿರುವಿಹಾಕಬೇಕು, ಕೈ ಇಟ್ಟರೆ ಒಳಗೆ ಬೆಚ್ಚಗಿರುತ್ತದೆ, ಅದು ಕ್ರಿಮಿಗಳು ಕೆಲಸ ಮಾಡುವ ಕಾವು. ಚೆನ್ನಾಗಿ ಕಳಿತದ್ದಕ್ಕೆ ದುರ್ವಾಸನೆಯೇ ಇರುವುದಿಲ್ಲವಂತೆ. ಹಾಗಾದರೆ ಈಗ ವಾಸನೆ ಬರುತ್ತದಲ್ಲ ಎಂದೆ. ಅದು ನೀವು ಯಾರೂ ಇಲ್ಲದಾಗ ಅದಕ್ಕೆ ಫಿನೈಲ್ ಸುರಿಯುವುದರಿಂದ ಎಂದಳು. ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ, ಗೊತ್ತಿತ್ತು. ನಾನು ನಾಲಿಗೆ ಕಚ್ಚಿಕೊಂಡೆ. ಅವಳು ಒಳಗೆ ನಕ್ಕಳು. ಗುಲಾಬಿಗೆ ಏನು ಹಾಕಬೇಕು ಎಂದು ಕೇಳಿದೆ. ಗುಲಾಬಿಯ ಬಗ್ಗೆ ಅವಳಿಗೆ ಬೇಕಾದಷ್ಟು ಹೇಳುವುದಿತ್ತು. ಗುಲಾಬಿ ಮುಗಿದು ಟೊಮೇಟೊಗೆ ಬಂದಳು. ಟೊಮೇಟೊದ ನಡುವೆ ಮಾತು ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ, “ಅತ್ತೆ, ಆಯ್ತು.”

ನಾನು ಕಾರಿಡಾರಿಗೆ ಕೇಳುವ ಹಾಗೆ ಚಪ್ಪಾಳೆ ತಟ್ಟಿದೆ. ಅಷ್ಟು ಶಕ್ತಿ ಎಲ್ಲಿತ್ತೋ ಗೊತ್ತಿಲ್ಲ. ಡಾಕ್ಟರು ಓಡಿ ಬಂದರು, ಮೀಸೆಯವರು ಓಡಿ ಬಂದರು, ಮಗ ಕಾಫಿ ಚೆಲ್ಲಿಕೊಂಡು ಓಡಿ ಬಂದ. ಮೀಸೆಯವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನಿಂದ ದೂರ ಸರಿದು, ಗೋಡೆಯ ಮಗ್ಗುಲಲ್ಲೇ ಹೋದರು.

ಮಧ್ಯಾಹ್ನವೇ ನಳಿಗೆಯ ಕೆಲಸ ಮುಗಿಯಿತು. ನೋವೇನೂ ಆಗಲಿಲ್ಲ. ಈಗ ನನ್ನೊಳಗೆ ಅವಳ ಒಂದು ಸಂಸಾರವೇ ಕೂತಿದೆ. ಗಲಾಟೆ ಮಾಡದೆ ಇರಿ ಎಂದು ಹೇಳಿದ್ದೇನೆ.

ಏಪ್ರಿಲ್ ೫, ಶನಿವಾರ

ಹಸಿವು!

ಏಪ್ರಿಲ್ ೧೧, ಶುಕ್ರವಾರ

ಸೂಪು, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮತ್ತೆ ಆಲೂಗಡ್ಡೆ. ಎಲ್ಲವೂ ಹೋದ ಜಾಗದಲ್ಲಿ ನಿಲ್ಲುತ್ತಿದೆ. ಆಸ್ಪತ್ರೆಯವರು ಈ ಡೈರಿ ಕೊಟ್ಟದ್ದು ಯಾತಕ್ಕೋ ಅದನ್ನು ಇವತ್ತು ಬರೆಯಲು ಮನಸ್ಸಾಗಿದೆ: ಒಂದೇ ಸಲ, ಗಟ್ಟಿಯಾಗಿ. ನನ್ನ ಜೀವನದಲ್ಲಿ ಇಷ್ಟು ಚೆಂದದ ವಾಕ್ಯ ಬರೆದಿಲ್ಲ.

ಸಂತೋಷ ತಡೆಯಲಾಗದೆ ಅಕ್ಕನಿಗೆ ಫೋನು ಮಾಡಿ ಹೇಳಿದೆ. ಅವಳಿಗೆ ಈಗ ಚೆನ್ನಾಗಿ ಕೇಳಿಸುತ್ತದೆ.

ಏಪ್ರಿಲ್ ೨೭, ಭಾನುವಾರ

ಕಿಟಕಿಯ ಟೊಮೇಟೊ ಸಸಿಗಳನ್ನು ದೊಡ್ಡ ಕುಂಡಕ್ಕೆ ಬದಲಿಸಿದೆವು. ರಾಣಿಗೆ ಬೇರು ಬಿಡಿಸಲು ಇನ್ನೊಂದು ಕೈ ಬೇಕಿತ್ತು, ಅಷ್ಟೇ. ನನ್ನ ಕೈ ಹಗುರ ಎಂದಳು. ಸಣ್ಣ ಸಣ್ಣ ಚಿಮಟಗಳನ್ನು ಎಣಿಸಿ ಕಟ್ಟಿದ ಕೈ, ಹಗುರ ಇರದೇ ಏನು? ಗುಂಡ ಕಾಲ ಮೇಲೆ ಮಲಗಿ ಏಳಲೇ ಇಲ್ಲ, ಕಾಲು ಜೋಮು ಹಿಡಿಯಿತು. ಸ್ವಿಚ್ಚುಗಳ ಮೇಲೆ ನನ್ನದೇ ಮಣ್ಣಿನ ಬೆರಳಚ್ಚು ಇದೆ ಎಂದು ಮಗ ತೋರಿಸಿದ. ಇರಲಿ, ಒಣಗಿದ ಮೇಲೆ ತಾನೇ ಉದುರುತ್ತದೆ.

ಮೂಲಂಗಿ ತಿನ್ನಬೇಕೆಂದು ಆಸೆಯಾಗಿತ್ತು. ಹಿಂದೆ ವಾಸನೆಯೇ ಆಗುತ್ತಿರಲಿಲ್ಲ. ರಾಣಿಗೆ ಮೂಲಂಗಿ ಎಂದರೆ ಪ್ರಾಣ. ಇದು ಅವಳ ಕ್ರಿಮಿಗಳ ಚಿತಾವಣೆ ಎಂದು ಮಗ ರೇಗಿಸುತ್ತಾನೆ.

ಮೇ ೨೨, ಗುರುವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ರೋಗಾಣುವಿನ ಸುಳಿವೇ ಇಲ್ಲವಂತೆ. ತೂಕ ಏರಿದೆ. ಅವರು ಒಂದು ಕಾಗದದ ಮೇಲೆ ಬಣ್ಣದ ಪಟ್ಟಿಗಳನ್ನು ತೋರಿಸಿದರು. ಒಂದೊಂದು ಬಣ್ಣ ಒಂದೊಂದು ಕ್ರಿಮಿಯ ಕುಟುಂಬ. ಮಾರ್ಚಿನ ನನ್ನ ಪಟ್ಟಿಯಲ್ಲಿ ಎರಡೇ ಬಣ್ಣ, ಬೋಳು ಗೋಡೆ. ಈಗಿನದರಲ್ಲಿ ಬಣ್ಣವೋ ಬಣ್ಣ. ಪಕ್ಕದಲ್ಲಿ ರಾಣಿಯ ಪಟ್ಟಿ. ಎರಡಕ್ಕೂ ವ್ಯತ್ಯಾಸ ಹುಡುಕಲು ಕನ್ನಡಕ ಬೇಕು.

“ಹೊಟ್ಟೆ ಮಟ್ಟಿಗೆ ನೀವಿಬ್ರೂ ಅವಳಿ-ಜವಳಿ” ಎಂದರು ಡಾಕ್ಟರು. ಮೂಲಂಗಿಯ ವಿಷಯ ಕೇಳಿದೆ. ಹೊಟ್ಟೆಯ ಕ್ರಿಮಿಗಳಿಗೂ ಮನಸ್ಸಿಗೂ ನಂಟಿದೆಯೇ ಎಂದು ಜಗತ್ತಿನ ನಾನಾ ಕಡೆ ಹುಡುಕುತ್ತಿದ್ದಾರಂತೆ, ಆದರೆ ಮೂಲಂಗಿಯ ಮಟ್ಟಿಗೆ ಈಗಲೇ ಮಾತು ಕೊಡಲಾಗದು ಎಂದರು. ಇನ್ನು ನಾನು ಯಾವಾಗ ಬೇಕಾದರೂ ನನ್ನ ಮನೆಗೆ ಹೋಗಿ ಒಬ್ಬಳೇ ಇರಬಹುದಂತೆ.

ಒಳ್ಳೆಯ ಸುದ್ದಿ. ಇದಕ್ಕೇ ಇಷ್ಟು ದಿನ ಕಾದದ್ದು. ರಾಣಿ ದಾರಿಯುದ್ದಕ್ಕೂ ಮಾತಾಡಲಿಲ್ಲ, ಅವಳಿಗೆ ಸುಸ್ತಾಗಿರಬೇಕು.

ಜೂನ್ ೮, ಭಾನುವಾರ

ಬ್ಯಾಗು ತುಂಬಿಕೊಂಡು ನನ್ನ ಎರಡು ಕೋಣೆಯ ಫ್ಲಾಟಿಗೆ ಹೋದೆ. ಬಿಟ್ಟು ಬಂದ ಹಾಗೆಯೇ ಇದೆ. ನೆಲ ಹೊಳೆಯುತ್ತದೆ. ಒರೆಸಲು ಬಟ್ಟೆ ತೆಗೆದುಕೊಂಡೆ, ಒರೆಸುವಂಥದ್ದು ಏನೂ ಕಾಣಲಿಲ್ಲ. ಕುರ್ಚಿಯಲ್ಲಿ ಕೂತೆ. ಅಲ್ಲಿ ಯಾವ ವಾಸನೆಯೂ ಇಲ್ಲ. ಹಿಂದೆ ಇದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಟೊಮೇಟೊಗೆ ಬೆಳಿಗ್ಗೆ ನೀರು ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ಅದನ್ನೊಂದು ನೋಡಿಕೊಂಡು ಬಂದುಬಿಡೋಣ ಎಂದು ಮನೆಗೆ ಬಂದೆ. ಹಾಕಿದ್ದೆ. ಅಷ್ಟರಲ್ಲಿ ಊಟದ ಹೊತ್ತಾಯಿತು. ಬ್ಯಾಗು ಬಾಗಿಲ ಹತ್ತಿರ ಇಟ್ಟಿದ್ದೆ, ಗುಂಡ ಅದರ ಮೇಲೆ ಹತ್ತಿ ಮಲಗಿಬಿಟ್ಟ. ಮಲಗಿದ ಪ್ರಾಣಿಯನ್ನು ಎಬ್ಬಿಸುವುದು ಹೇಗೆ? ಮುಂದಿನ ವಾರ ನೋಡೋಣ.

ಜೂನ್ ೧೭, ಮಂಗಳವಾರ

ರಾಣಿಯ ಅಂಗೈಗೆ ನರ್ಸರಿಯಲ್ಲಿ ಗುಲಾಬಿಯ ಮುಳ್ಳು ನಾಟಿತ್ತು. ಮುಳ್ಳು ತಾನೇ ಎಂದು ಅಲಕ್ಷ್ಯ ಮಾಡಿದಳು. ಕೈ ಕೆಂಪಗೆ ಊದಿಕೊಂಡು ಮೊಣಕೈವರೆಗೆ ನೋವು ಏರಿತು. ನಾನೇ ಗದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೀವು ತೆಗೆದು, ಗಾಯ ಶುಚಿ ಮಾಡಿ, ಒಂದು ವಾರಕ್ಕೆ ಆಂಟಿಬಯೋಟಿಕ್ ಬರೆದುಕೊಟ್ಟರು. ಬೇಕೇ ಬೇಕು, ಇಲ್ಲದಿದ್ದರೆ ನಂಜು ರಕ್ತಕ್ಕೆ ಇಳಿಯುತ್ತದೆ ಎಂದರು. ಅದು ನಿಜ, ನಾನೂ ಅದನ್ನೇ ಹೇಳಿದೆ.

ಮನೆಗೆ ಬಂದು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ನೀರಿನ ಲೋಟ ಹಿಡಿದುಕೊಂಡು ನಾನು ಎದುರಿಗೆ ನಿಂತಿದ್ದೆ. ನುಂಗಲಿಲ್ಲ. ಮುಖ ಸಪ್ಪಗಾಗಿತ್ತು. ಮಾರ್ಚ್ ತಿಂಗಳಿನಲ್ಲಿ ನನ್ನ ಹಾಸಿಗೆ ಬದಲಿಸಿದವಳು ಅವಳು. ಈ ಮಾತ್ರೆಯಿಂದ ಏನಾಗಬಹುದೆಂದು ಕಣ್ಣಾರೆ ಕಂಡವಳು.

“ನನಗೂ ಹಂಗೇ ಆಗ್ಬಿಟ್ರೆ ಅತ್ತೆ?”

ಎಲ್ಲರಿಗೂ ಹಾಗಾಗುವುದಿಲ್ಲ, ಸಾವಿರದಲ್ಲಿ ಎಲ್ಲೋ ಒಬ್ಬರಿಗೆ, ಅದೂ ನನ್ನ ಹಾಗೆ ವಯಸ್ಸಾದವರಿಗೆ ಹೆಚ್ಚು ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಪಕ್ಕ ಕೂತು, ಊದಿಕೊಳ್ಳದ ಕೈಯನ್ನು ಹಿಡಿದುಕೊಂಡೆ. ಉಗುರಿನಲ್ಲಿ ಎಂದಿನ ಮಣ್ಣು ಇತ್ತು.

“ನುಂಗು. ಹೆದರಬೇಡ” ಎಂದೆ. “ನಿಂದೆಲ್ಲ ನನ್ನ ಹೊಟ್ಟೇಲಿ ಜೋಪಾನವಾಗಿದೆ. ಬೇಕು ಅಂದ ದಿನ ವಾಪಸ್ ಕೊಡ್ತೀನಿ.”

ಅವಳು ನನ್ನನ್ನು ನೋಡಿದಳು. ತುಟಿ ಅದುರಿತು. ನಗುತ್ತಾಳೆ ಎಂದುಕೊಂಡೆ. ನನ್ನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು, ಅಳುತ್ತಲೇ ನಕ್ಕಳು. ಹೆಗಲೆಲ್ಲ ಒದ್ದೆಯಾಯಿತು. ಆಮೇಲೆ ನುಂಗಿದಳು.

ಜೂನ್ ೧೮, ಬುಧವಾರ

ರಾಣಿಯ ಊತ ಇಳಿಯುತ್ತಿದೆ, ಹೊಟ್ಟೆ ಚೆನ್ನಾಗಿದೆ, ಎರಡು ಮೂಲಂಗಿ ತಿಂದಳು. ಒಂದು ನಾನು ತಿಂದೆ. ಫ್ಲಾಟಿಗೆ ಹೋಗುವ ಮಾತು ಸದ್ಯಕ್ಕೆ ಬೇಡ, ಇವಳ ಕೈ ನೆಟ್ಟಗಾಗುವವರೆಗೆ ನೀರು ಹಾಕುವವರು ಯಾರು?

ಸಂಜೆ ಲ್ಯಾಬಿಗೆ ಹೋಗಿ ಮೀಸೆಯವರ ಹತ್ತಿರ ಒಂದು ಹೊಸ ಡಬ್ಬಿ ಕೇಳಿದೆ. ಯಾತಕ್ಕೆ ಸಿಸ್ಟರ್ ಎಂದು ಅನುಮಾನದಿಂದ ನೋಡಿದರು. ಇರಲಿ, ಸೊಸೆಗೆ ಬೇಕಾದೀತು, ಈ ಸಲ ಕೊಡುವವಳು ನಾನು ಎಂದೆ. ಅವರು ಮೀಸೆಯೊಳಗೇ ನಕ್ಕು ಕೊಟ್ಟರು.

ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದೇನೆ. ತೊಳೆದಿಲ್ಲ.